ಎತ್ತರದ ಹ್ಯಾಂಡಲ್‌ಗೆ ಉದ್ದನೆಯ ವೈರಿಂಗ್: ಕಪ್ಲರ್ ಕಿಟ್ ಒಂದರ ಒಂದು ವರ್ಷದ ಅನುಭವ

ಮೋಟಾರ್‌ಸೈಕಲ್‌ಗೆ ಎತ್ತರದ ಹ್ಯಾಂಡಲ್ ಹಾಕಬೇಕೆಂದು ನಿರ್ಧರಿಸಿದವರು ಅದರ ಆಕಾರ, ಅಗಲ, ಮಣಿಕಟ್ಟಿಗೆ ಸಿಗುವ ಆರಾಮ ಇವುಗಳ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಆದರೆ ಸ್ವಿಚ್‌ಗಳಿಂದ ಹೊರಟು ಹೆಡ್‌ಲೈಟಿನ ಹಿಂಬದಿಗೆ ಇಳಿಯುವ ಸಣ್ಣ ತಂತಿಗಳ ವಿಷಯ ಎದುರಾಗುವುದು ಹಳೆಯ ಹ್ಯಾಂಡಲ್ ಬಿಚ್ಚಿ ಹೊಸದನ್ನು ಕೂರಿಸಿದ ಮೇಲೆಯೇ. ನಾನು ಹಾಕಿದ ಹ್ಯಾಂಡಲ್ ಹಳೆಯದಕ್ಕಿಂತ 25 ಸೆಂ.ಮೀ. ಎತ್ತರವಾಗಿತ್ತು. ಎಡಗಡೆಯ ಸ್ವಿಚ್ಚಿನ ವೈರಿಂಗ್ ಒಂದು ಗೇಣು ಸಾಲದೆ ಬಂತು. ಬಲಗಡೆಯದು ಹೇಗೋ ಎಟುಕಿದರೂ ಹ್ಯಾಂಡಲ್ ತಿರುಗಿಸಿದ ಕೂಡಲೇ ಬಿಗಿದ ದಾರದಂತೆ ನಿಂತಿತು. ಇಂಥ ಸಂದರ್ಭಕ್ಕೆಂದೇ ತಯಾರಾಗಿ ಬರುವ, ಎರಡೂ ತುದಿಗಳಲ್ಲಿ ಕಪ್ಲರ್ (ತಂತಿಗಳನ್ನು ಒಂದಕ್ಕೊಂದು ಕೂಡಿಸುವ, ಪಿನ್‌ಗಳಿರುವ ಪ್ಲಾಸ್ಟಿಕ್ ಜೋಡಣೆ) ಇರುವ, 30 ಸೆಂ.ಮೀ. ಉದ್ದದ ವೈರಿಂಗ್ ಕಿಟ್ ಒಂದನ್ನು ತರಿಸಿ ಹಾಕಿಕೊಂಡೆ. ಈಗ ಒಂದು ವರ್ಷವಾಗಿದೆ, ಸುಮಾರು 9,000 ಕಿ.ಮೀ. ಓಡಿಸಿದ್ದೇನೆ. ಇದಕ್ಕೂ ಹಿಂದಿನ ಗಾಡಿಯಲ್ಲಿ ಇದೇ ಕೆಲಸವನ್ನು ತಂತಿ ಕತ್ತರಿಸಿ, ಬೆಸುಗೆ ಹಾಕಿ ಮಾಡಿದ್ದೆನಾದ್ದರಿಂದ ಎರಡನ್ನೂ ಹೋಲಿಸಿ ಹೇಳಬಲ್ಲೆ.

ಕಿಟ್ ತರಿಸುವ ಮೊದಲು ಒಂದು ಸಂಗತಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಹಳೆಯ ಹ್ಯಾಂಡಲನ್ನೇ ಇಟ್ಟುಕೊಂಡು ಅದರ ಕೆಳಗೆ ನಾಲ್ಕೈದು ಸೆಂಟಿಮೀಟರಿನ ರೈಸರ್ (ಹ್ಯಾಂಡಲನ್ನು ಎತ್ತರಿಸುವ ತುಂಡು) ಮಾತ್ರ ಹಾಕುವವರಿಗೆ ಬಹಳ ಸಲ ವೈರಿಂಗ್ ಉದ್ದ ಮಾಡುವ ಅಗತ್ಯವೇ ಬೀಳುವುದಿಲ್ಲ. ಕಂಪನಿಯವರು ಹೆಡ್‌ಲೈಟ್ ಡೋಮಿನ ಒಳಗೋ ಟ್ಯಾಂಕಿನ ಮುಂಭಾಗದ ಕೆಳಗೋ ಒಂದಿಷ್ಟು ತಂತಿಯನ್ನು ಮಡಚಿ ಬಿಟ್ಟಿರುತ್ತಾರೆ. ಕಟ್ಟಿದ ಟೈಗಳನ್ನು ಬಿಚ್ಚಿ, ತಂತಿಯ ದಾರಿಯನ್ನು ಸ್ವಲ್ಪ ನೇರ ಮಾಡಿದರೆ ಆ ಉಳಿಕೆಯೇ ಸಾಕಾಗಬಹುದು. ಮುಟ್ಟದೆ ಬಿಟ್ಟ ಕಂಪನಿ ವೈರಿಂಗಿಗಿಂತ ಭದ್ರವಾದ ವೈರಿಂಗ್ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಿಟ್‌ನಲ್ಲಿ ಎಡ ಮತ್ತು ಬಲ ಸ್ವಿಚ್‌ಗಳಿಗೆ ಒಂದೊಂದರಂತೆ ಎರಡು ಕಟ್ಟುಗಳಿದ್ದವು. ಪ್ರತಿ ಕಟ್ಟಿನ ಒಂದು ತುದಿ ಸ್ವಿಚ್ಚಿನಿಂದ ಬರುವ ಕಪ್ಲರ್‌ಗೆ, ಇನ್ನೊಂದು ತುದಿ ಗಾಡಿಯ ಮುಖ್ಯ ವೈರಿಂಗಿನ ಕಪ್ಲರ್‌ಗೆ ಕೂಡುತ್ತದೆ. ಅಂದರೆ ಎರಡರ ನಡುವೆ ಸೇತುವೆಯಂತೆ ಕೂರುತ್ತದೆ, ಕಂಪನಿಯ ಒಂದು ತಂತಿಯನ್ನೂ ಕತ್ತರಿಸಬೇಕಾಗಿಲ್ಲ. ತಂತಿ 20 ಗೇಜಿನದು, ಎಂದರೆ ಸರಿಸುಮಾರು 0.5 ಚದರ ಮಿ.ಮೀ. ದಪ್ಪದ್ದು. ಹೊದಿಕೆ ಕ್ರಾಸ್‌ಲಿಂಕ್ಡ್ ಪಾಲಿಥಿಲೀನಿನದು. ಈ ಬಗೆಯ ವಾಹನ ತಂತಿ 125 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ಸಾಧಾರಣ ಪಿವಿಸಿ ಹೊದಿಕೆಯ ವಾಹನ ತಂತಿಯ ಮಿತಿ 80 ಡಿಗ್ರಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಎಂಜಿನ್ನಿನ ಬಿಸಿಗಾಳಿ ಏರಿ ಬರುವ ಜಾಗದಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ.

ತಂತಿಯ ಲೋಹವನ್ನು ಮಾತ್ರ ನಾನು ಪೆಟ್ಟಿಗೆಯ ಮೇಲಿನ ಬರಹ ನೋಡಿ ನಂಬಲಿಲ್ಲ. ಮಾರುಕಟ್ಟೆಯಲ್ಲಿ ತಾಮ್ರದ ತಂತಿಯೆಂದು ಕಾಣುವ, ಆದರೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟ ತಂತಿಗಳೂ ಇವೆ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಶೇ. 61ರಷ್ಟು ಮಾತ್ರ, ಅದಕ್ಕಿಂತ ಕೆಟ್ಟದ್ದೆಂದರೆ ಅಂಥ ಎಳೆಗಳು ಪದೇ ಪದೇ ಬಾಗುವ ಜಾಗದಲ್ಲಿ, ನಡುಕದಲ್ಲಿ, ಬೇಗ ತುಂಡಾಗುತ್ತವೆ. ಕಟ್ಟಿನಲ್ಲಿ ಉಪಯೋಗಕ್ಕೆ ಬಾರದ ಒಂದು ಹೆಚ್ಚುವರಿ ತಂತಿ ಇತ್ತು. ಅದರ ತುದಿಯನ್ನು ಸುಲಿದು, ಒಂದೊಂದೇ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಒಳಗೂ ಕೆಂಪಗೇ ಇತ್ತು, ಬೆಳ್ಳಗಿನ ಲೋಹ ಕಾಣಿಸಲಿಲ್ಲ. ಎಳೆಗಳು 19 ಇದ್ದವು. ಒಂದೇ ದಪ್ಪದ ತಂತಿಯನ್ನು 7 ದಪ್ಪ ಎಳೆಗಳಿಂದಲೂ ಮಾಡಬಹುದು, 19 ತೆಳು ಎಳೆಗಳಿಂದಲೂ ಮಾಡಬಹುದು. ಹ್ಯಾಂಡಲ್ ತಿರುಗಿದಾಗಲೆಲ್ಲ ಬಾಗುವ ವೈರಿಂಗಿಗೆ ಎರಡನೆಯದೇ ಬೇಕು. ಇಷ್ಟರಮಟ್ಟಿಗೆ ಕಿಟ್ ತಯಾರಿಸಿದವರು ಕೆಲಸ ಬಲ್ಲವರು ಎನ್ನಿಸಿತು.

ತಂತಿ ಉದ್ದವಾದರೆ ಹೆಡ್‌ಲೈಟ್ ಮಂಕಾಗುತ್ತದೆ ಎಂಬ ಮಾತನ್ನು ಅನೇಕರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಆ ಭಯಕ್ಕೆ ಆಧಾರ ಕಡಿಮೆ. 20 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 33 ಮಿಲಿಓಮ್ ರೋಧವಿರುತ್ತದೆ. ಹೆಡ್‌ಲೈಟಿನ ಕರೆಂಟ್ ನೇರವಾಗಿ ಡಿಪ್ ಸ್ವಿಚ್ಚಿನ ಮೂಲಕವೇ ಹಾದುಹೋಗುವ ಗಾಡಿ ಎಂದಿಟ್ಟುಕೊಳ್ಳೋಣ. ಕರೆಂಟ್ ಸ್ವಿಚ್ಚಿಗೆ ಹತ್ತಿ ಮತ್ತೆ ಇಳಿಯಬೇಕಾದ್ದರಿಂದ 30 ಸೆಂ.ಮೀ. ಕಿಟ್ ಹಾಕಿದರೆ ಹೆಚ್ಚುವ ಉದ್ದ 60 ಸೆಂ.ಮೀ., ಹೆಚ್ಚುವ ರೋಧ 20 ಮಿಲಿಓಮ್. 60 ವ್ಯಾಟಿನ ಹ್ಯಾಲೊಜೆನ್ ಬಲ್ಬ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ಅಂದರೆ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಇದೇ ದಾರಿಯಲ್ಲಿ ಸರಿಯಾಗಿ ಕೂಡದ ಒಂದೇ ಒಂದು ಜೋಡಣೆ ಇದ್ದು, ಅದರ ರೋಧ 0.1 ಓಮ್ ಆಗಿದ್ದರೆ ಅರ್ಧ ವೋಲ್ಟ್ ಅಲ್ಲೇ ಕರಗುತ್ತದೆ. ಎರಡೂವರೆ ವ್ಯಾಟಿನಷ್ಟು ಶಾಖ ಆ ಪುಟ್ಟ ಪಿನ್ನಿನಲ್ಲಿ ಹುಟ್ಟುತ್ತದೆ. ಪ್ಲಾಸ್ಟಿಕ್ ಕಪ್ಲರ್ ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೊನೆಗೆ ಕರಗುವುದು ಹೀಗೆ. ಆದ್ದರಿಂದ ಈ ಕೆಲಸದಲ್ಲಿ ಉದ್ದಕ್ಕೆ ಹೆದರಬೇಕಾಗಿಲ್ಲ, ಜೋಡಣೆಗೆ ಹೆದರಬೇಕು. ಕಿಟ್ ಕೊಳ್ಳುವಾಗಲೂ, ಮೆಕ್ಯಾನಿಕ್ ಮಾಡಿದ ಕೆಲಸವನ್ನು ಒಪ್ಪಿಕೊಳ್ಳುವಾಗಲೂ ನಾನು ನೋಡುವುದು ಇದೊಂದನ್ನೇ.

ಉದ್ದ ಎಷ್ಟು ಬೇಕೆಂಬುದನ್ನು ಹ್ಯಾಂಡಲಿನ ಎತ್ತರದಿಂದ ನೇರವಾಗಿ ಹೇಳಲಾಗದು. ಹೊಸ ಹ್ಯಾಂಡಲ್ ಎಷ್ಟು ಅಗಲವಾಗಿದೆ, ಸವಾರನ ಕಡೆಗೆ ಎಷ್ಟು ಬಾಗಿದೆ, ತಂತಿ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ನಾನು ಸ್ವಿಚ್‌ಗಳನ್ನು ಹೊಸ ಹ್ಯಾಂಡಲಿಗೆ ತಾತ್ಕಾಲಿಕವಾಗಿ ಕೂರಿಸಿ, ತಂತಿ ಹೋಗಬೇಕಾದ ದಾರಿಯಲ್ಲೇ ಒಂದು ಹುರಿಯನ್ನು ಹಾಯಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೆಚ್ಚು ಉದ್ದ ಬೇಕಾದ ಸ್ಥಿತಿಯಲ್ಲಿ ಗುರುತು ಹಾಕಿಕೊಂಡೆ. ಅದಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಸಡಿಲಿಕೆ ಸೇರಿಸಿದಾಗ ಎಡಗಡೆಗೆ 27 ಸೆಂ.ಮೀ. ಬೇಕೆಂದು ಸಿಕ್ಕಿತು. 20 ಸೆಂಟಿಮೀಟರಿನ ಕಿಟ್ ತರಿಸಿದ್ದರೆ ಕೆಲಸ ಕೆಡುತ್ತಿತ್ತು, 40ರದ್ದಾಗಿದ್ದರೆ ಉಳಿದ ತಂತಿಯನ್ನು ಎಲ್ಲಿ ತುರುಕುವುದೆಂಬ ಬೇರೊಂದು ತೊಂದರೆ ಬರುತ್ತಿತ್ತು.

ಜೋಡಿಸುವ ಕೆಲಸ ಸುಲಭವೇ. ಬ್ಯಾಟರಿಯ ನೆಗೆಟಿವ್ ಕೊನೆಯನ್ನು ಬಿಚ್ಚಿ, ಕಂಪನಿ ಕಪ್ಲರ್‌ಗಳನ್ನು ಬೇರ್ಪಡಿಸಿ, ನಡುವೆ ಕಿಟ್ ಕೂರಿಸುವುದಷ್ಟೇ. ಎರಡು ತಾಸಿನಲ್ಲಿ ಮುಗಿಯಿತು. ಇಂಡಿಕೇಟರ್, ಡಿಪ್, ಹಾರ್ನ್, ಕಿಲ್ ಸ್ವಿಚ್, ಸೆಲ್ಫ್, ಮುಂದಿನ ಬ್ರೇಕ್ ಹಿಡಿದಾಗ ಹಿಂದೆ ಉರಿಯಬೇಕಾದ ದೀಪ ಎಲ್ಲವೂ ಮೊದಲ ಪ್ರಯತ್ನದಲ್ಲೇ ಕೆಲಸ ಮಾಡಿದವು.

ತೊಂದರೆ ಕಾಣಿಸಿದ್ದು ಹತ್ತು ದಿನಗಳ ನಂತರ. ಹ್ಯಾಂಡಲ್ ನೇರವಾಗಿದ್ದಾಗ ಹಾರ್ನ್ ಬಾರಿಸುತ್ತಿತ್ತು, ಎಡಕ್ಕೆ ತಿರುಗಿಸಿದರೆ ಸುಮ್ಮನಾಗುತ್ತಿತ್ತು. ತಿರುವಿನಲ್ಲಿಯೇ ಹಾರ್ನ್ ಹೆಚ್ಚು ಬೇಕಾಗುವುದರಿಂದ ಇದನ್ನು ಸಣ್ಣ ದೋಷವೆಂದು ಬಿಡುವಂತಿರಲಿಲ್ಲ. ಹಾರ್ನ್ ಸ್ವಿಚ್ ಕೆಟ್ಟಿದೆಯೇ ಎಂದು ಮೊದಲು ಅದನ್ನೇ ಬಿಚ್ಚಿ ನೋಡಿದೆ, ಅದು ಸರಿಯಾಗಿತ್ತು. ಬಳಿಕ ಮಲ್ಟಿಮೀಟರ್ ಹಿಡಿದು ಕಿಟ್‌ನ ಕಪ್ಲರ್‌ಗಳ ಎರಡೂ ಬದಿಯಲ್ಲಿ ವೋಲ್ಟೇಜ್ ಅಳೆಯುತ್ತಾ ಹೋದಾಗ, ಕೆಳಗಿನ ಕಪ್ಲರ್‌ನ ಒಂದು ಬದಿಯಲ್ಲಿ ಬ್ಯಾಟರಿ ವೋಲ್ಟೇಜ್ ಪೂರ್ತಿ ಇದ್ದು, ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಇನ್ನೊಂದು ಬದಿಯಲ್ಲಿ ಏನೂ ಇಲ್ಲದಿರುವುದು ಗೊತ್ತಾಯಿತು. ಕಪ್ಲರ್ ಬಿಚ್ಚಿ ದೀಪ ಹಿಡಿದು ನೋಡಿದರೆ, ಆ ಒಂದು ಪಿನ್ ಮಾತ್ರ ಉಳಿದವುಗಳಿಗಿಂತ ಎರಡು ಮಿಲಿಮೀಟರಿನಷ್ಟು ಹಿಂದಕ್ಕೆ ಸರಿದಿತ್ತು. ಪಿನ್ನಿನ ಬೆನ್ನ ಮೇಲೆ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುವ ಒಂದು ಪುಟ್ಟ ನಾಲಿಗೆ ಇರುತ್ತದೆ. ತಯಾರಿಸುವಾಗ ಪಿನ್ನನ್ನು ಪೂರ್ತಿ ಒಳಗೆ ತಳ್ಳದಿದ್ದರೆ ಅದು ಕಚ್ಚುವುದಿಲ್ಲ. ಕಪ್ಲರ್ ಕೂಡಿಸಿದಾಗ ಎದುರಿನ ಪಿನ್ ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ, ತುದಿ ತುದಿ ತಾಗಿಕೊಂಡು ಕೆಲವು ದಿನ ಕೆಲಸ ನಡೆಯುತ್ತದೆ, ಆಮೇಲೆ ಹೀಗೆ ಕೈ ಕೊಡುತ್ತದೆ.

ಸರಿಪಡಿಸಲು ಐದು ನಿಮಿಷ ಸಾಕಾಯಿತು. ತೆಳ್ಳನೆಯ ಸೂಜಿಯಿಂದ ನಾಲಿಗೆಯನ್ನು ಸ್ವಲ್ಪ ಮೇಲೆತ್ತಿ, ಪಿನ್ನನ್ನು ಹಿಂದಿನಿಂದ ಕ್ಲಿಕ್ ಎನ್ನುವವರೆಗೆ ಒತ್ತಿದೆ. ನಂತರ ಎರಡೂ ಕಟ್ಟುಗಳ ಪ್ರತಿಯೊಂದು ತಂತಿಯನ್ನೂ ಹಿಂದಿನಿಂದ ಮೆಲ್ಲನೆ ಎಳೆದು ಪರೀಕ್ಷಿಸಿದೆ; ಇನ್ನೊಂದು ಪಿನ್ ಕೂಡ ಅಲುಗಾಡುತ್ತಿತ್ತು, ಅದು ಬಲಗಡೆಯ ಕಟ್ಟಿನಲ್ಲಿ ಕಿಲ್ ಸ್ವಿಚ್ಚಿನ ತಂತಿಯದು. ಆ ಪಿನ್ ಓಡುವ ಗಾಡಿಯಲ್ಲಿ ಸರಿದಿದ್ದರೆ ಎಂಜಿನ್ ಅಲ್ಲಿಯೇ ನಿಲ್ಲುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಇಷ್ಟು ಒಳ್ಳೆಯ ತಂತಿ ಬಳಸಿದ ತಯಾರಕರು ಕೊನೆಯ ತಪಾಸಣೆಯಲ್ಲಿ ಎಡವಿದ್ದು ನನಗೆ ಬೇಸರ ತಂದಿತು. ಯಾವ ಕಿಟ್ ತಂದರೂ ಗಾಡಿಗೆ ಹಾಕುವ ಮೊದಲು ಮೇಜಿನ ಮೇಲಿಟ್ಟು, ಪ್ರತಿ ತಂತಿಯನ್ನೂ ಎಳೆದು, ಒಂದು ತುದಿಯಿಂದ ಇನ್ನೊಂದು ತುದಿಗೆ ಮಲ್ಟಿಮೀಟರಿನಲ್ಲಿ ಸಂಪರ್ಕ ನೋಡಿಕೊಳ್ಳಬೇಕು. ಸಂಪರ್ಕ ನೋಡುವಾಗ ಕಟ್ಟನ್ನು ಬಾಗಿಸುತ್ತಾ, ತಿರುಚುತ್ತಾ ನೋಡಬೇಕು. ಈ ಕಿಟ್ ಜೊತೆ ಬಂದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನು ತಂತಿ ಕತ್ತರಿಸಿ ಬೆಸೆಯುವ ಹಳೆಯ ಪದ್ಧತಿ. ಹಿಂದಿನ ಗಾಡಿಯಲ್ಲಿ ನಾನು ಮಾಡಿದ್ದು ಅದನ್ನೇ, ಅದು ಕೆಟ್ಟ ಪದ್ಧತಿಯಲ್ಲ. ಕೆಟ್ಟದ್ದು ತಂತಿಗಳ ತುದಿಯನ್ನು ಹೊಸೆದು, ಮೇಲೆ ಟೇಪ್ ಸುತ್ತಿ ಬಿಡುವ ಅವಸರದ ಕೆಲಸ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ನೀರು ಒಳಗೆ ಹೋಗುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಮಾಡುವುದಾದರೆ ಟೆಲಿಗ್ರಾಫ್ ತಂತಿಗಳ ಕಾಲದಿಂದ ಬಂದಿರುವ ವೆಸ್ಟರ್ನ್ ಯೂನಿಯನ್ ಗಂಟಿನ ರೀತಿಯಲ್ಲಿ, ಎರಡು ತುದಿಗಳನ್ನು ಎದುರುಬದುರಾಗಿ ತಂದು, ಒಂದರ ಮೈಗೆ ಇನ್ನೊಂದನ್ನು ಬಿಗಿಯಾಗಿ ಸುತ್ತಿ, ಆಮೇಲೆ ಬೆಸೆಯಬೇಕು. ಆಗ ಎಳೆತವನ್ನು ಗಂಟು ಹೊರುತ್ತದೆ, ಬೆಸುಗೆ ಬರೀ ವಿದ್ಯುತ್ ಸಂಪರ್ಕವನ್ನು ನೋಡಿಕೊಳ್ಳುತ್ತದೆ. ತವರ 63, ಸೀಸ 37 ಪಾಲಿನ ಬೆಸುಗೆಯು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ, ಒಮ್ಮೆಲೇ ಗಟ್ಟಿಯಾಗುವುದರಿಂದ ಕೈ ಅಲುಗಿ ಕೆಡುವ ಸಂಭವ ಕಡಿಮೆ. ರಾಳದ ಫ್ಲಕ್ಸ್ (ಬೆಸುಗೆ ಹಿಡಿಯುವಂತೆ ಲೋಹದ ಮೈಯನ್ನು ಶುಚಿಗೊಳಿಸುವ ಪದಾರ್ಥ) ಇರುವ ಬೆಸುಗೆಯನ್ನೇ ಬಳಸಬೇಕು. ಕೊಳಾಯಿ ಕೆಲಸದ ಆಮ್ಲದ ಫ್ಲಕ್ಸ್ ತಂತಿಯನ್ನು ವರ್ಷಾನುಗಟ್ಟಲೆ ಒಳಗಿಂದೊಳಗೇ ತಿನ್ನುತ್ತದೆ.

ಬೆಸುಗೆಯ ನಿಜವಾದ ದೌರ್ಬಲ್ಯ ಬೆಸುಗೆಯಲ್ಲಿಲ್ಲ, ಅದರ ಅಂಚಿನಲ್ಲಿದೆ. ಕರಗಿದ ಲೋಹ ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರುವಂತೆ ಏರಿಕೊಂಡು ತಂತಿಯನ್ನು ಕಡ್ಡಿಯಂತೆ ಸೆಟೆಸುತ್ತದೆ. ಸೆಟೆದ ಭಾಗ ಮುಗಿದು ಮೆದು ತಂತಿ ಆರಂಭವಾಗುವ ಜಾಗದಲ್ಲಿ ಎಲ್ಲ ಬಾಗುವಿಕೆಯೂ ಒಂದೇ ಬಿಂದುವಿಗೆ ಸೇರುತ್ತದೆ; ಎಂಜಿನ್ನಿನ ನಡುಕ ಅಲ್ಲಿಯೇ ಎಳೆಗಳನ್ನು ಒಂದೊಂದಾಗಿ ಮುರಿಯುತ್ತದೆ. ಆದ್ದರಿಂದ ಬೆಸೆದ ಜಾಗವು ಸ್ಟಿಯರಿಂಗ್ ತಿರುಗುವಲ್ಲಿ ಬರಬಾರದು, ಹ್ಯಾಂಡಲಿನ ನೇರ ಭಾಗದಲ್ಲಿ ಕಟ್ಟಿ ಅಲುಗದಂತೆ ನಿಲ್ಲಿಸಬೇಕು. ಮೇಲೆ ಹಾಕುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಒಳಗೆ ಅಂಟು ಇರುವ ಬಗೆಯದಾದರೆ, ಕಾಯಿಸಿದಾಗ ಆ ಅಂಟು ಕರಗಿ ಎರಡೂ ತುದಿಯಲ್ಲಿ ತುಸು ಹೊರಬರುತ್ತದೆ. ಅದು ನೀರನ್ನೂ ತಡೆಯುತ್ತದೆ, ಅಂಚಿಗೆ ಒತ್ತಾಸೆಯನ್ನೂ ಕೊಡುತ್ತದೆ. ಹನ್ನೆರಡು ತಂತಿಗಳಿದ್ದರೆ ಹನ್ನೆರಡು ಜೋಡಣೆಗಳನ್ನೂ ಒಂದೇ ಸಾಲಿನಲ್ಲಿ ತರಬಾರದು, ಮೆಟ್ಟಿಲಿನಂತೆ ಒಂದಕ್ಕಿಂತ ಒಂದನ್ನು ಎರಡು ಮೂರು ಸೆಂಟಿಮೀಟರ್ ಸರಿಸುತ್ತಾ ಹೋಗಬೇಕು. ಇಲ್ಲವಾದರೆ ಕಟ್ಟಿನ ನಡುವೆ ಹಾವು ಇಲಿ ನುಂಗಿದಂಥ ಉಬ್ಬು ಬಂದು ಯಾವ ಸಂದಿಯಲ್ಲೂ ಕೂರುವುದಿಲ್ಲ.

ಒಳ್ಳೆಯ ಕ್ರಿಂಪಿಂಗ್ ಇಕ್ಕುಳ ಇರುವವರಿಗೆ ಬೆಸುಗೆಗಿಂತ ಕ್ರಿಂಪ್, ಅಂದರೆ ತಂತಿಯ ಸುತ್ತ ಲೋಹದ ಪಿನ್ನನ್ನು ಅದುಮಿ ಕೂಡಿಸುವುದು, ಮೇಲು. ಹಲ್ಲುಚಕ್ರವಿದ್ದು ಪೂರ್ತಿ ಒತ್ತುವವರೆಗೆ ಬಿಡದ ಬಗೆಯ ಇಕ್ಕುಳ ಬೇಕು. ಸಾಧಾರಣ ಕಟಿಂಗ್ ಪ್ಲೇಯರಿನಲ್ಲಿ ಅದುಮಿದ್ದನ್ನು ಕ್ರಿಂಪ್ ಎನ್ನಲಾಗದು. ಪಿನ್ ತೆಗೆಯುವ ಸಾಧನ ಬಳಸಿ ಕಪ್ಲರ್‌ನಿಂದ ಹಳೆಯ ಪಿನ್‌ಗಳನ್ನು ಬಿಡಿಸಿ, ಉದ್ದನೆಯ ತಂತಿಗೆ ಹೊಸ ಪಿನ್ ಒತ್ತಿ ಅದೇ ಕಪ್ಲರ್‌ಗೆ ಸೇರಿಸುವವರೂ ಇದ್ದಾರೆ. ನಡುವೆ ಹೆಚ್ಚಿನ ಕಪ್ಲರ್ ಇಲ್ಲದ್ದರಿಂದ ಫಲಿತಾಂಶ ಅಚ್ಚುಕಟ್ಟಾಗಿರುತ್ತದೆ, ಆದರೆ ಅದಕ್ಕೆ ಅನುಭವದ ಕೈ ಬೇಕು.

ಆಕ್ಸಿಲರೇಟರ್ ಕೇಬಲ್ ಇಲ್ಲದ, ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಗಾಡಿಗಳ ಮಾತು ಬೇರೆ. ಅಲ್ಲಿ ಹಿಡಿಯೊಳಗಿನ ಎರಡು ಸೆನ್ಸರ್‌ಗಳು ಕಳಿಸುವ ಸಣ್ಣ ವೋಲ್ಟೇಜುಗಳನ್ನು ಎಂಜಿನ್ನಿನ ಕಂಪ್ಯೂಟರ್ ಸದಾ ಹೋಲಿಸಿ ನೋಡುತ್ತಿರುತ್ತದೆ, ಎರಡಕ್ಕೂ ತಾಳೆಯಾಗದಿದ್ದರೆ ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸುತ್ತದೆ. ಹೆಡ್‌ಲೈಟಿನ 5 ಆಂಪಿಯರ್ ಕರೆಂಟ್ ಸ್ವಲ್ಪ ಕಿಲುಬು ಹಿಡಿದ ಜೋಡಣೆಯನ್ನೂ ದಾಟಿ ಹೋಗಬಹುದು. ಸೆನ್ಸರಿನ ಮಿಲಿಆಂಪಿಯರ್ ಸಂಕೇತಕ್ಕೆ ಅಷ್ಟು ಬಲವಿರುವುದಿಲ್ಲ. ಈ ಜಾಗದಲ್ಲಿ ನಾನು ಬೆಸುಗೆಯ ಪ್ರಯೋಗಕ್ಕೆ ಕೈ ಹಾಕಲಾರೆ, ಆ ಮಾದರಿಗೆಂದೇ ತಯಾರಾದ ಕಪ್ಲರ್ ಕಿಟ್ ಮಾತ್ರ ಹಾಕುತ್ತೇನೆ. ಸ್ವಿಚ್‌ಗಳು ಕ್ಯಾನ್ ಬಸ್ (ಗಾಡಿಯ ಎಲೆಕ್ಟ್ರಾನಿಕ್ ಭಾಗಗಳ ನಡುವೆ ಸಂಕೇತಗಳನ್ನು ಸಾಗಿಸುವ ಜಾಲ) ಮೂಲಕ ಮಾತನಾಡುವ ಗಾಡಿಗಳೂ ಇವೆ. ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ ಈ ವ್ಯವಸ್ಥೆಯಲ್ಲಿ ಎರಡು ತಂತಿಗಳು ಹುರಿಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗಲಿ ಎಂಬುದೇ ಆ ಹೆಣಿಗೆಯ ಉದ್ದೇಶ. ಉದ್ದ ಮಾಡಿದ ಭಾಗದಲ್ಲೂ ಹೆಣಿಗೆ ಮುಂದುವರಿಯಬೇಕು. ಅಂಥ ಗಾಡಿಯ ಕಿಟ್‌ನಲ್ಲಿ ಎಲ್ಲ ತಂತಿಗಳೂ ಸಮಾನಾಂತರವಾಗಿ ಮಲಗಿದ್ದರೆ ಅದನ್ನು ಮರಳಿಸುವುದೇ ಸರಿ.

ವೈರಿಂಗನ್ನು ಹ್ಯಾಂಡಲಿನ ಕೊಳವೆಯ ಒಳಗೆ ಹಾಯಿಸಬೇಕೆನ್ನುವವರಿಗೆ ಈ ಕಿಟ್ ಹೊಂದುವುದಿಲ್ಲ. ಹೊರ ವ್ಯಾಸ 25.4 ಮಿ.ಮೀ. ಇರುವ ಹ್ಯಾಂಡಲಿನಲ್ಲಿ ಗೋಡೆಯ ದಪ್ಪ ಕಳೆದು ಉಳಿಯುವ ಜಾಗಕ್ಕೆ ಕಪ್ಲರ್ ನುಗ್ಗುವುದಿಲ್ಲ. ಪಿನ್‌ಗಳನ್ನು ಬಿಡಿಸಿ, ತಂತಿ ಎಳೆದು, ಮತ್ತೆ ಕೂರಿಸಬೇಕಾಗುತ್ತದೆ. ಹಾಗೆ ಮಾಡುವವರು ಕೊಳವೆಯ ರಂಧ್ರದ ಅಂಚನ್ನು ಅರದಿಂದ ನುಣುಪು ಮಾಡಿ ರಬ್ಬರ್ ಬುಷ್ ಹಾಕುವುದನ್ನು ಮರೆಯಬಾರದು. ಹರಿತವಾದ ಲೋಹದ ಅಂಚು ತಂತಿಯ ಹೊದಿಕೆಯನ್ನು ಸೀಳಿದರೆ ಮೊದಲು ಹೋಗುವುದು ಫ್ಯೂಸ್.

ಒಂದು ವರ್ಷದ ನಂತರ ಕಪ್ಲರ್‌ಗಳನ್ನು ಬಿಚ್ಚಿ ನೋಡಿದೆ. ಬಾಯಲ್ಲಿ ಸಿಲಿಕೋನ್ ಸೀಲ್ ಇರುವುದರಿಂದ, ಪ್ರತಿ ತಂತಿಯ ಬೆನ್ನಿಗೂ ಪುಟ್ಟ ರಬ್ಬರ್ ಬಿರಡೆ ಇರುವುದರಿಂದ, ಮಳೆಯಲ್ಲಿ ಸಾಕಷ್ಟು ಓಡಿಸಿದರೂ ಪಿನ್‌ಗಳು ಹೊಳೆಯುತ್ತಲೇ ಇವೆ. ಹೆಡ್‌ಲೈಟ್ ಉರಿಸಿ ಕಿಟ್‌ನ ಒಂದು ತುದಿಯಿಂದ ಇನ್ನೊಂದಕ್ಕೆ ವೋಲ್ಟೇಜ್ ಇಳಿಕೆ ಅಳೆದಾಗ, ಹತ್ತುವ ತಂತಿಯಲ್ಲಿ 0.07 ವೋಲ್ಟ್ ಸಿಕ್ಕಿತು. ತಂತಿಯ ಪಾಲು 0.05, ಉಳಿದದ್ದು ಕಪ್ಲರ್‌ಗಳದ್ದು. ಇದು ಒಳ್ಳೆಯ ಅಂಕ.

ಮೆಚ್ಚದೆ ಹೋದ ಸಂಗತಿಗಳೂ ಇವೆ. ಕಿಟ್‌ನ ತಂತಿಗಳೆಲ್ಲ ಕಪ್ಪು. ಕಂಪನಿ ವೈರಿಂಗಿನಲ್ಲಿ ಬಣ್ಣವೇ ಭಾಷೆ. ಮುಂದೊಂದು ದಿನ ಬೇರೊಬ್ಬ ಮೆಕ್ಯಾನಿಕ್ ಈ ಗಾಡಿಯ ಹೆಡ್‌ಲೈಟ್ ಬಿಚ್ಚಿದಾಗ ನಡುವಿನ 30 ಸೆಂ.ಮೀ. ಮಾತ್ರ ಮೂಕವಾಗಿರುವುದನ್ನು ಕಂಡು ತಡಕಾಡಬೇಕಾಗುತ್ತದೆ. ಕಂಪನಿಯ ಬಣ್ಣಕ್ಕೆ ಹೊಂದಿಸಿದ ಕಿಟ್‌ಗಳೂ ಸಿಗುತ್ತವೆ, ಆಯ್ಕೆ ಇದ್ದರೆ ಅವನ್ನೇ ಕೊಳ್ಳಿ. ಎರಡು ಜೋಡಿ ಕಪ್ಲರ್ ಇದ್ದಲ್ಲಿ ನಾಲ್ಕು ಜೋಡಿಯಾದ್ದರಿಂದ ಹೆಡ್‌ಲೈಟಿನ ಹಿಂದೆ ಜಾಗ ಸಾಲದು. ನಾನು ಕೆಳಗಿನ ಜೋಡಿಗಳನ್ನು ಟ್ಯಾಂಕಿನ ಮುಂದಿನ ಸಂದಿಗೆ ಇಳಿಸಿ, ಕಟ್ಟಿಗೆ ಬಟ್ಟೆಯ ಟೇಪ್ ಸುತ್ತಿ, ಕೇಬಲ್ ಟೈಗಳನ್ನು ಬೆರಳು ನುಸುಳುವಷ್ಟು ಸಡಿಲವಾಗಿ ಕಟ್ಟಿದ್ದೇನೆ.

ಬರೀ ಸ್ವಿಚ್‌ಗಳ ಸಾಧಾರಣ ಗಾಡಿ ಇದ್ದು ಬೆಸುಗೆಯಲ್ಲಿ ಪಳಗಿದವರಿಗೆ ಕಿಟ್ ಅನಿವಾರ್ಯವಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವವರಿಗೆ, ಮುಂದೆ ಹಳೆಯ ಹ್ಯಾಂಡಲ್‌ಗೆ ಮರಳುವ ಯೋಚನೆ ಇರುವವರಿಗೆ, ಕಂಪನಿ ವೈರಿಂಗಿಗೆ ಕತ್ತರಿ ತಾಗಬಾರದೆನ್ನುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ, ಪಿನ್‌ಗಳನ್ನು ಎಳೆದು ನೋಡಿ ಹಾಕುವ ಷರತ್ತಿನ ಮೇಲೆ. ಹಾಕಿದ ದಿನವೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಾ ಪ್ರತಿ ಸ್ವಿಚ್ಚನ್ನೂ ಒತ್ತಿ ನೋಡಿ. ತಿರುಗಿಸುವಾಗ ಎಂಜಿನ್ನಿನ ವೇಗ ತಾನಾಗಿಯೇ ಏರಿದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ ಎಂದರ್ಥ. ಬ್ರೇಕಿನ ಹೋಸ್ ಬಿಗಿದು ನಿಂತರೆ ಅದನ್ನೂ ಉದ್ದನೆಯದಕ್ಕೆ ಬದಲಿಸುವವರೆಗೆ ಗಾಡಿಯನ್ನು ರಸ್ತೆಗಿಳಿಸಬೇಡಿ.